ರಬ್ಬರ್ ಬೆರಳು

ಅಂದು ಬೆಳಿಗ್ಗೆ ಆಷಾಢದ ಗಾಳಿ ಶಿರಹಟ್ಟಿಯ ಮೇಲೆ ಹಳೆಯ ಸಿಟ್ಟು ತೀರಿಸಿಕೊಳ್ಳುವಂತೆ ಬೀಸಿತು. ತಗಡು ಹಾರಿಸಿತು, ಬೇವಿನ ಟೊಂಗೆ ಮುರಿಯಿತು, ಓಣಿಯ ದೀಪಗಳನ್ನೆಲ್ಲ ಒಮ್ಮೆಲೇ ನುಂಗಿತು. ಹೊನ್ನೇಶನ ಕೋಣೆಯ ಟಿವಿ ಮಾತ್ರ ಹೊಳೆಯುತ್ತಲೇ ಇತ್ತು. ಇನ್ವರ್ಟರ್ ಇದ್ದದ್ದು ಆ ಕೋಣೆಗಷ್ಟೇ. ಅಡುಗೆಮನೆಗೆ ಅಂಥದ್ದೇನೂ ಬೇಡವೆಂದು ಅವನೇ ತೀರ್ಮಾನಿಸಿದ್ದ.

ಆ ಟಿವಿಯಲ್ಲಿ ಅವನು ಕಳ್ಳಿಯನ್ನು ಹಿಡಿದ.

ಹಿತ್ತಲಿನ ಕ್ಯಾಮೆರಾ ತೋರಿಸಿದ್ದು ಇಷ್ಟು: ನಸುಕಿನ ಮಬ್ಬು, ಗೋಡೆಯ ಮೇಲೆ ಜೋಳದ ಹಿಟ್ಟು ತುಂಬಿದ ಬೋಗುಣಿ. ಆಚೆಯಿಂದ ಒಂದು ಕೈ ಬಂತು, ಬೋಗುಣಿ ಆಚೆಗೆ ಹೋಯಿತು. ಹಿಂದೆಯೇ ಸೆರಗು ಹೊದ್ದ ಮುಖ. ಪಕ್ಕದ ಮನೆಯ ಸುಗ್ರಾಬಿ. ಹೊನ್ನೇಶ ಅಲ್ಲಿಗೇ ನಿಲ್ಲಿಸಿದ. ಹಿಟ್ಟು ಗೋಡೆಯ ಮೇಲೇಕೆ ಕುಳಿತಿತ್ತೆಂದು ಕ್ಯಾಮೆರಾ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಸುಗ್ರಾಬಿ ರೊಟ್ಟಿ ಬಡಿದು ಬದುಕುವವಳು. ಗದಗಿನಲ್ಲಿ ಖಾನಾವಳಿ ಇಟ್ಟಿದ್ದ ಹುಲಗಪ್ಪನಿಗೆ ದಿನಾ ರೊಟ್ಟಿ ಕಳಿಸುತ್ತಿದ್ದಳು. ಅವಳ ಮನೆಯ ಟಪ್ ಟಪ್ ಸದ್ದು ಕೇಳಿದರೆ ಹೊನ್ನೇಶನಿಗೆ ಮೈ ಉರಿಯುತ್ತಿತ್ತು. "ಈ ಕಾಲದಾಗೂ ಕೈಲೆ ಬಡೀತಾರ ನೋಡು. ಇವರಿಗೆಲ್ಲಾ ನಾಳೆ ಚಕಮಕಿ ಕಲ್ಲು ಕೊಟ್ರ ಅದ್ರಾಗ ಒಲಿ ಹಚ್ತಾರ!"

ಶಿವನು ಮನುಷ್ಯನಿಗೆ ಕೈ ಕೊಟ್ಟಿದ್ದು ರಿಮೋಟ್ ಹಿಡಿಯಲಿಕ್ಕೆ ಎಂದು ನಂಬಿದವನು ಹೊನ್ನೇಶ. ಚಪ್ಪಾಳೆಗೆ ಹತ್ತುವ ಬಲ್ಬು ಮಾಡಿದ್ದ. ಅದು ತಾಯಿ ಕೆಮ್ಮಿದರೂ ಹತ್ತುತ್ತಿತ್ತು. ಟ್ಯಾಂಕು ತುಂಬಿದಾಗ ಕೂಗುವ ಗಂಟೆ ಮಾಡಿದ್ದ; ಅದು ಬರಿದಾದಾಗಲೂ ಕೂಗುತ್ತಿತ್ತು. ಈ ಸಲದ್ದು ಮಾತ್ರ ಗೆದ್ದಿತ್ತು. ರೊಟ್ಟಿ ಬಡಿಯುವ ಯಂತ್ರ. ಹಳೆಯ ವಾಷಿಂಗ್ ಮಷೀನಿನ ಮೋಟರು, ಸೈಕಲ್ ಚೈನು, ಕೈಗವಸಿನೊಳಗೆ ಹತ್ತಿ ತುರುಕಿ ಮಾಡಿದ ರಬ್ಬರ್ ಬೆರಳುಗಳು. ತಾಯಿ ಮರಿಯವ್ವನ ಮಣಿಕಟ್ಟು ನೋಯುತ್ತದೆಂದು ಮಾಡಿದ್ದು. ಅಷ್ಟರ ಮಟ್ಟಿಗೆ ಅವನ ಎದೆಯಲ್ಲೂ ದೇವರು ದೀಪ ಇಟ್ಟಿದ್ದ. ಯಂತ್ರ ನಡೆಸುವುದು ಮರಿಯವ್ವ; ಅದು ಗರ್ರ್ ಎನ್ನುವಷ್ಟು ಹೊತ್ತು ಅಡುಗೆಮನೆಯ ಬಾಗಿಲು ಮುಚ್ಚಿರುತ್ತಿತ್ತು. ಹಿಟ್ಟಿನ ಧೂಳಿಗೆ ಹೊನ್ನೇಶನಿಗೆ ಸೀನು ಬರುತ್ತಿತ್ತು.

ಅಂದು ಯಂತ್ರ ನೋಡಲು ಹುಲಗಪ್ಪನೇ ಬಂದ. ಅವನನ್ನು ಟಿವಿಯ ಮುಂದೆ ಕೂರಿಸಿದರು. ಮರಿಯವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು.

ಹುಲಗಪ್ಪ ಒಂದು ತುತ್ತು ತಿಂದು ಕಣ್ಣು ಮುಚ್ಚಿದ. "ಮಷೀನ ಮಾಡಿದ್ದಂತ ಅನ್ನಾಕ ಬರಂಗಿಲ್ಲ ಬಿಡು."

"ಬೆರಳಿನ ಗುರ್ತು ಸೈತ ಬೀಳ್ತಾವ ನೋಡ್ರಿ," ಎಂದು ಹೊನ್ನೇಶ ರೊಟ್ಟಿಯ ಅಂಚು ತೋರಿಸಿದ. "ನಡಕ ಒಂದು ಅರ್ಧಾ ಬಿದ್ದೈತಿ. ಆ ರಬ್ಬರ ಸವದಿರಬೇಕು, ಬದಲ ಮಾಡ್ತೀನಿ."

"ಸಪ್ಪಳ ಭಾಳ ಅಂತಿದ್ರು?"

"ಎಲ್ಲೈತ್ರಿ ಸಪ್ಪಳ? ನಿನ್ನೆ ಎಣ್ಣಿ ಬಿಟ್ಟೀನಿ. ಒಳಗ ಬಡ್ಯಾಕ ಹತ್ತೈತಿ, ನಿಮಗೇನರ ಕೇಳಸ್ತೈತೇನು?"

ಕೇಳಿಸಲಿಲ್ಲ. ಹುಲಗಪ್ಪ ತಲೆದೂಗಿದ. "ಯವ್ವಾ, ಮಷೀನ ಹೆಂಗ ನಡದೈತಿ?"

ಮರಿಯವ್ವ ಮಗನ ಮುಖ ನೋಡಿದಳು. "ಇನ್ನತನಾ ಕೈ ಬಿಟ್ಟಿಲ್ರಿ."

"ಹಂಗಾದ್ರ ಸುಗ್ರಾಬಿ ರೊಟ್ಟಿ ನಿಲ್ಲಸ್ತೀನಿ," ಎಂದ ಹುಲಗಪ್ಪ. "ಪಾಪ, ಆಕಿಗೆ ಹೇಳೂದ ಕಷ್ಟ."

"ಪಾಪ?" ಹೊನ್ನೇಶ ನಕ್ಕ. ಮೊಬೈಲು ಒತ್ತಿದ. ಟಿವಿಯಲ್ಲಿ ನಸುಕು, ಗೋಡೆ, ಬೋಗುಣಿ, ಕೈ, ಮುಖ. "ಇದಕ್ಕೇನಂತೀರಿ? ನಮ್ಮ ಹಿಟ್ಟಿಲೆ ನಿಮಗ ರೊಟ್ಟಿ ಮಾರ್ತಾಳ."

ನೀರಿನ ತಂಬಿಗೆ ಹಿಡಿದಿದ್ದ ಮರಿಯವ್ವ ಟಿವಿಗೆ ಅಡ್ಡ ಬಂದಳು. "ಹೊನ್ನ್ಯಾ, ಸುಮ್ಕಿರೋ."

ಅವನು ಸುಮ್ಮನಿರಲಿಲ್ಲ. ಕಟ್ಟೆಗೆ ಹೋಗಿ ಕೂಗಿದ. ನಿನ್ನೆಯವರೆಗೆ ಚಾಚಿ ಎನ್ನುತ್ತಿದ್ದ ಬಾಯಿ ಅದು. "ಏ ಸುಗ್ರಾಬಿ! ಬಾ ಇಲ್ಲೆ!"

ಸುಗ್ರಾಬಿ ಬಂದಳು. ಸೆರಗಿನ ಮರೆಯಲ್ಲಿ ಏನನ್ನೋ ಅವಚಿಕೊಂಡಿದ್ದಳು. ಬೋಗುಣಿಯ ಅಂಚು ಹೊರಗೆ ಇಣುಕಿತು.

"ಕಳವಿನ ಮಾಲು ಹಿಡಕೊಂಡ ಬಂದಾಳ ನೋಡ್ರಿ! ಇದು ಯಾರ ಮನೀದು?"

"ನಿಮ್ಮ ಮನೀದ ಐತಪ್ಪಾ."

"ನಸುಕಿನ್ಯಾಗ ಒಯ್ದದ್ದು ಖರೆ ಹೌದಿಲ್ಲೋ?"

"ಖರೆ ಐತಿ."

"ಯಾಕ ಒಯ್ದಿ?"

ಸುಗ್ರಾಬಿ ಮರಿಯವ್ವನ ಕಡೆ ನೋಡಿದಳು. ಮರಿಯವ್ವ ನೆಲ ನೋಡಿದಳು. "ಅದೊಂದ ಕೇಳಬ್ಯಾಡ ತಮ್ಮಾ," ಎಂದಳು ಸುಗ್ರಾಬಿ.

ಹುಲಗಪ್ಪ ಎದ್ದು ನಿಂತ. ಅವನ ಮುಖ ಬಿಗಿದಿತ್ತು. "ನಿನ್ನ ಕೈಯಾಗ ದೇವರ ಅದಾನ ಅಂತ ಊರೆಲ್ಲಾ ಹೇಳ್ಕೋತ ತಿರುಗೀನಿ ನಾ. ನಾಳಿಂದ ನಿನ್ನ ರೊಟ್ಟಿ ಬ್ಯಾಡ."

ಗಾಳಿ ಸುಗ್ರಾಬಿಯ ಸೆರಗನ್ನು ಎಳೆದಾಡಿತು.

ಮರಿಯವ್ವ ತಂಬಿಗೆ ಕೆಳಗಿಟ್ಟು, "ಹುಲಗಪ್ಪಾ, ತಡೀರಿ..." ಎನ್ನುವಷ್ಟರಲ್ಲಿ ಓಣಿಗೆ ಕರೆಂಟು ಬಂತು. ಪಡಸಾಲೆಯ ಫ್ಯಾನು ತಿರುಗಿತು. ಎದುರು ಮನೆಯ ರೇಡಿಯೊ ಅರಚಿತು. ಅಡುಗೆಮನೆಯಿಂದ ಗರ್ರ್ ಎಂಬ ಸದ್ದು ಎದ್ದು ಗೋಡೆಯ ಮಾಡದಲ್ಲಿದ್ದ ಡಬ್ಬಿಗಳೆಲ್ಲ ನಡುಗಿದವು.

"ಯವ್ವಾ," ಎಂದ ಹೊನ್ನೇಶ. "ಈಗ ಚಾಲೂ ಆತೇನು ಇದು?"

ಹುಲಗಪ್ಪ ಹೋಗಿ ಅಡುಗೆಮನೆಯ ಬಾಗಿಲು ನೂಕಿದ. ಯಂತ್ರ ಬರಿಯ ಹಲಗೆಯನ್ನು ಬಡಿಯುತ್ತಿತ್ತು. ರಬ್ಬರ್ ಬೆರಳುಗಳಲ್ಲಿ ಒಂದೂ ಸವೆದಿರಲಿಲ್ಲ, ಒಂದಕ್ಕೂ ಹಿಟ್ಟು ತಾಗಿರಲಿಲ್ಲ. ಪಕ್ಕದಲ್ಲಿ ಒಲೆ ತಣ್ಣಗಿತ್ತು. ಅವನು ತನ್ನ ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಕ್ಕಾ, ನಿಮ್ಮ ಬೋಗೋಣಿ," ಎಂದು ಸುಗ್ರಾಬಿ ಮೆಲ್ಲಗೆ ಅದನ್ನು ಮರಿಯವ್ವನ ಕೈಗಿತ್ತಳು. ಮೇಲಿನ ಬಟ್ಟೆ ಸರಿದು ಉಳಿದ ರೊಟ್ಟಿಗಳ ಹಬೆ ಎದ್ದಿತು, ಬೋಗುಣಿಯ ಅಂಚು ಬಿಟ್ಟ ಅವಳ ಬಲಗೈಯಲ್ಲಿ ನಡುಬೆರಳು ಅರ್ಧವೇ ಇತ್ತು.