ಬೆಳ್ಳುಳ್ಳಿ ಹಚ್ಚಿದ ಕೈಗಳು

ಕ್ಷಯ ಪರೀಕ್ಷೆಯ ಸೂಜಿ ಚುಚ್ಚಿ ಹೋದ ಮೂರನೆಯ ದಿನ ಮಕ್ಕಳ ಮುಂಗೈ ನೋಡಲು ಬಂದ ನರ್ಸ್ ರಾಧಮ್ಮ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಕೈವಾರದ ಆಚೆಯ ಆ ಪುಟ್ಟ ಹಳ್ಳಿಯ ಶಾಲೆಯ ಜಗಲಿಯಲ್ಲಿ ಕೂತಿದ್ದ ಮಕ್ಕಳಲ್ಲಿ ಒಬ್ಬರ ಕೈಯೂ ನೆಟ್ಟಗಿರಲಿಲ್ಲ. ಎಲ್ಲ ಕೆಂಪಗೆ ಊದಿಕೊಂಡಿದ್ದವು, ಕೆಲವಕ್ಕೆ ಬೊಬ್ಬೆಯೂ ಎದ್ದಿತ್ತು. ಕ್ಷಯದ ಸೋಂಕು ತಗುಲಿದವರಿಗೆ ಮಾತ್ರ ಊದಬೇಕಾದ ಜಾಗ ಅದು. ಊದದ ಮಕ್ಕಳಿಗೆ ಬಿ.ಸಿ.ಜಿ. ಲಸಿಕೆ ಹಾಕಬೇಕು, ಊದಿದವರನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು. ಇಡೀ ಊರನ್ನೇ ಆಸ್ಪತ್ರೆಗೆ ಕಳಿಸುವುದು ಹೇಗಪ್ಪಾ?

ಒಂದು ಮಗುವಿನ ಕೈ ಹಿಡಿದು ಬಗ್ಗಿದಳು. ಘಮ್ಮೆಂದು ಮೂಗಿಗೆ ಬಡಿಯಿತು.

"ಏನ್ರೇ ಇದು, ಬೆಳ್ಳುಳ್ಳಿ ವಾಸನೆ?"

"ಪೆದ್ದಮ್ಮ ಅರೆದು ಹಚ್ಚಿದ್ರು!" ಮಕ್ಕಳೆಲ್ಲ ಒಟ್ಟಿಗೆ ಕೂಗಿದವು.

ಪೆದ್ದಮ್ಮ ಅಂದರೆ ಊರಿನ ಸೂಲಗಿತ್ತಿ. ಅಲ್ಲಿದ್ದ ಮಕ್ಕಳ ಹೊಕ್ಕುಳಬಳ್ಳಿ ಕುಯ್ದವಳೂ ಅವಳೇ, ಅವರ ತಾಯಂದಿರನ್ನು ಗದರಿಸಿ ಸಾಕಿದವಳೂ ಅವಳೇ. ಅವಳು ಕೂತ್ಕೊ ಅಂದರೆ ಮೀಸೆ ಹೊತ್ತ ಗಂಡಸರೂ ಕೂರುತ್ತಿದ್ದರು. ಮೊಮ್ಮಗಳು ಗೋದಮ್ಮನ ಕೈ ಹಿಡಿದುಕೊಂಡು, ಎಲೆಯಡಿಕೆ ಅಗಿಯುತ್ತಾ, ಬಹುಮಾನ ತಗೊಳ್ಳಲು ಬಂದವಳ ಹಾಗೆ ಬಂದಳು.

"ಬೈಬೇಡಮ್ಮ ನರ್ಸಮ್ಮ. ಸಿಡುಬಿನ ಅಚ್ಚು ಹಾಕೋರನ್ನ ಎಷ್ಟು ಕಂಡಿಲ್ಲ ನಾನು! ಅಚ್ಚು ಏಳದೇ ಇದ್ರೆ ಹಿಡ್ಕೊಂಡು ಮತ್ತೆ ಗೀರೋರು. ನಿನ್ ಸೂಜಿ ಈ ಮಕ್ಳಿಗೆ ಏಳ್ಲೇ ಇಲ್ಲ. ಪಾಪ, ಎರಡೆರಡು ಸಲ ಯಾಕೆ ನೋವು ತಿನ್ಬೇಕು ಅಂತ ನಾನೇ ಎಬ್ಬಿಸ್ದೆ."

ರಾಧಮ್ಮನಿಗೆ ನಗು ಉಕ್ಕಿ ಬಂತು. "ಅಯ್ಯೋ ಪುಣ್ಯಾತ್ಗಿತ್ತಿ! ಒಬ್ರಿಗೂ ತಾನಾಗಿ ಏಳ್ಲಿಲ್ವಾ?"

"ಯಾಕಿಲ್ಲ? ನನ್ ಮೊಮ್ಮಗಳಿಗೆ ಎದ್ದೈತೆ ನೋಡು. ಬೆಳ್ಳುಳ್ಳಿನೂ ಬೇಕಾಗ್ಲಿಲ್ಲ, ಗಿಳ್ಳುಳ್ಳಿನೂ ಬೇಕಾಗ್ಲಿಲ್ಲ. ಗಟ್ಟಿ ರಕ್ತ ನಮ್ದು!"

ಗೋದಮ್ಮ ಜಂಬದಿಂದ ಕೈ ಚಾಚಿತು. ರಾಧಮ್ಮ ಬೆರಳ ತುದಿಯಲ್ಲಿ ಮುಟ್ಟಿದಳು. ವಾಸನೆ ಇಲ್ಲ. ಚರ್ಮದ ಕೆಳಗೆ ಅಡಿಕೆ ಹೋಳಿನಂಥ ಗಟ್ಟಿ ಗೆಡ್ಡೆ. ಅವಳ ನಗು ಅಲ್ಲೇ ನಿಂತಿತು.

ಪೆದ್ದಮ್ಮನನ್ನು ಹೊಂಗೆ ಮರದ ಹಿಂದಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದಳು. "ಹೆದರ್ಕೋಬೇಡಿ. ಇದು ಏಳ್ಬಾರ್ದು. ಎದ್ರೆ ಮಗುಗೆ ಕ್ಷಯದ ಸೋಂಕು ತಗುಲಿದೆ ಅಂತ, ಅಷ್ಟೇ. ಅವಳಿಂದ ಯಾರಿಗೂ ಹರಡಲ್ಲ. ಈಗ ಮಾತ್ರೆ ಬಂದಿವೆ, ಬೇಗ ಸಿಕ್ಕಿದೆ, ವಾಸಿ ಆಗತ್ತೆ. ಊರಲ್ಲಿ ಯಾರಿಗೂ ಹೇಳಲ್ಲ ನಾನು. ಮನೇಲಿ ಯಾರಾದ್ರೂ ಕೆಮ್ಮೋರು ಇದಾರಾ?"

ಪೆದ್ದಮ್ಮ ಬಾಯಲ್ಲಿದ್ದ ಎಲೆಯಡಿಕೆ ಉಗಿದಳು.

"ಇರೋರೇ ಇಬ್ರು. ಹೆತ್ತೋಳು ಹೆತ್ತು ಕಣ್ಮುಚ್ಚಿದ್ಲು, ಹುಟ್ಟಿಸಿದೋನು ಇನ್ನೊಬ್ಳನ್ನ ಕಟ್ಕೊಂಡು ಹೋದ. ಅವತ್ತಿಂದ ಇದು ನನ್ ಮಗ್ಗುಲಲ್ಲೇ ಮಲಗೋದು." ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಕೆಮ್ಮೋಳು ನಾನೇ ಕಣಮ್ಮ. ಹೋದ ಸುಗ್ಗಿಯಿಂದ ಬಿಟ್ಟಿಲ್ಲ."

ಅಷ್ಟರಲ್ಲಿ ಜಗಲಿಯಲ್ಲಿ ಗದ್ದಲ ಎದ್ದಿತು. ಬೆಳ್ಳುಳ್ಳಿಯಿಂದ ಪರೀಕ್ಷೆ ಕೆಟ್ಟಿತು, ಇನ್ನೊಂದು ಕೈಗೆ ಮತ್ತೆ ಚುಚ್ಚುತ್ತಾರೆ ಎಂದು ಯಾರೋ ಹಬ್ಬಿಸಿದ್ದರು, ತಾಯಂದಿರು ಮಕ್ಕಳನ್ನು ಎಳೆದುಕೊಂಡು ಹೊರಟಿದ್ದರು. ಪಕ್ಕದ ಮನೆಯ ಓಬಳಮ್ಮನಂತೂ ಮಗನನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಿದ್ದಳು. ಒಮ್ಮೆ ಹೋದರೆ ಅವರು ತಿರುಗಿ ಬರುವವರಲ್ಲ. ರಾಧಮ್ಮ ಕೈ ಚೆಲ್ಲಿದಳು.

"ನಿಲ್ರೇ!" ಪೆದ್ದಮ್ಮನ ಗಂಟಲಿಗೆ ಓಬಳಮ್ಮನೂ ನಿಂತಳು. "ನಾನು ಮಾಡಿದ್ದು ತಪ್ಪು. ಅದು ಏಳ್ಬಾರ್ದಂತೆ. ಏಳ್ದೇ ಇದ್ರೇನೇ ಒಳ್ಳೇದಂತೆ. ನನ್ ಗೋದಿಗೆ ಎದ್ದೈತೆ. ಕ್ಷಯದ ಸೋಂಕಂತೆ. ನನ್ನಿಂದ್ಲೇ ಬಂದಿರ್ಬೇಕು, ನಾನೇ ಕೆಮ್ತಾ ಇರೋದು."

ಒಬ್ಬಿಬ್ಬರು ತಾಯಂದಿರು ಮಕ್ಕಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

"ನಾನು ಎತ್ತಿ ಆಡಿಸ್ದೇ ಇರೋ ಮಗು ಯಾವುದೈತೆ ಈ ಊರಾಗೆ, ಹೇಳ್ರಿ? ನಿಮ್ ಮಕ್ಳಿಗೆ ಏನಾಗೈತೋ ಗೊತ್ತಾಗ್ಬೇಕು ನಂಗೆ. ಚುಚ್ಚಿಸ್ರಿ. ಈ ಸಲ ಯಾರೂ ಏನೂ ಹಚ್ಬೇಡ್ರಿ."

ಕ್ಷಯ ಅಂದರೆ ಆ ಮನೆಯಲ್ಲಿ ನೀರೂ ಮುಟ್ಟದ, ಆ ಮನೆಯ ಹೆಣ್ಣನ್ನು ಯಾರೂ ಕೇಳದ ಕಾಲ ಅದು. ಮುಚ್ಚಿಡುತ್ತೇನೆ ಎಂದು ನರ್ಸಮ್ಮನೇ ಮಾತು ಕೊಟ್ಟಿದ್ದಳು. ಆದರೂ ಊರ ಮುಂದೆ ನಿಂತು ತನ್ನ ಬಾಯಿಂದಲೇ ಹೇಳಿಬಿಟ್ಟಳಲ್ಲ! ಗಂಡೆದೆ ಅನ್ನುವ ಮಾತನ್ನು ಪೆದ್ದಮ್ಮನನ್ನು ನೋಡದ ಯಾರೋ ಹುಟ್ಟಿಸಿರಬೇಕು.

ಓಬಳಮ್ಮನೇ ಮೊದಲು ಹಿಂದಕ್ಕೆ ಬಂದು ಮಗನ ಕೈ ಚಾಚಿಸಿದಳು. ಉಳಿದವರು ಅವಳ ಹಿಂದೆ ನಿಂತರು. ಅಜ್ಜಿ, ಮೊಮ್ಮಗಳು ಇಬ್ಬರೂ ಬೆಳಗಿನ ಬಸ್ಸಿಗೆ ಆಸ್ಪತ್ರೆಗೆ ಹೋಗುವುದು ಎಂದಾಯಿತು.

ಎಲ್ಲ ಮುಗಿದ ಮೇಲೆ ಗೋದಮ್ಮ ಓಡಿ ಬಂದು ಅಜ್ಜಿಯ ಸೆರಗು ಹಿಡಿಯಲು ಹೋಯಿತು. ಪೆದ್ದಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ಹಿಂದೆ ಸರಿದಳು. "ದೂರ ನಿಲ್ಲಮ್ಮ ಕಂದ." ಮಗುವಿಗೆ ಅರ್ಥವಾಗಲಿಲ್ಲ, ಅಳತೊಡಗಿತು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಮುದುಕಿಯ ಕಣ್ಣಲ್ಲಿ ಈಗ ನೀರು ಬಂತು.

ಓಬಳಮ್ಮ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. "ನಿಂಗೆ ವಾಸಿ ಆಗೋವರ್ಗೂ ನನ್ ಪಕ್ಕದಲ್ಲಿ ಮಲಗ್ತಾಳೆ ಬಿಡು ಪೆದ್ದಮ್ಮ."

"ಅವಳಿಗೆ ನನ್ ಬೋಳು ಕಿವಿ ಹಿಡ್ಕೊಂಡ್ರೇನೇ ನಿದ್ದೆ ಬರೋದು ಓಬಳಿ," ಅಂದಳು ಪೆದ್ದಮ್ಮ.

ಗಂಡ ಬದುಕಿರುವ ಹೆಂಗಸು ಓಲೆ ಬಿಚ್ಚುವ ಪದ್ಧತಿ ಇಲ್ಲ. ಓಬಳಮ್ಮ ಅಲ್ಲೇ ಎಲ್ಲರೆದುರು ನಿಂತು ಎಡಗಿವಿಯ ಓಲೆ ಬಿಚ್ಚಿದಳು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.