ಅಂಚಿನ ಚುಕ್ಕೆ

ಏಳನೆಯ ಬಿಲ್ಲೆಯೂ ಹಳೇ ಲೋಹ ಕೊಳ್ಳುವ ಅಂಗಡಿಯ ಕುಲುಮೆಯ ಮೂಸೆಗೆ ಬಿತ್ತು. ಕರಗುತ್ತಿದ್ದ ತಾಮ್ರವನ್ನು ರೇಣುಕಾಪ್ರಸಾದ್ ಮುಖ ಸಿಂಡರಿಸಿಕೊಂಡು ನೋಡುತ್ತಿದ್ದರು.

“ಅತ್ತೆ ಕಾಲದ ಮನೆ ಕೆಡವುವಾಗ ಗೋಡೇಲಿ ಸಿಕ್ಕಿದ್ದು ಸಾರ್,” ಎಂದಳು ರೊದ್ದಂನಿಂದ ಬಂದಿದ್ದ ನಾಗಕ್ಕ. “ಸುಳ್ಳು ಹೇಳಿ ನನಗೇನಾಗ್ಬೇಕು?”

“ಎಲ್ಲರೂ ಹೇಳೋದು ಇದನ್ನೇ. ಪೊಲೀಸರಿಗೆ ಹಿಡಿದುಕೊಡದೆ ಬಿಟ್ಟಿದ್ದೀನಿ, ಹೋಗಮ್ಮ.”

ಅಂಗಡಿಯ ಮುಂದೆ ನಾಲ್ಕು ಜನ ಸೇರಿದ್ದರು. ಬಿಲ್ಲೆ ಮಾರಿ ಹೊಲಿಗೆ ಮೆಷಿನ್ ಕೊಳ್ಳಬೇಕೆಂದು ಬಂದಿದ್ದ ನಾಗಕ್ಕ ಸೆರಗು ಬಾಯಿಗೊತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹಿಂದೂಪುರದ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ರೇಣುಕಾಪ್ರಸಾದ್ ನಿವೃತ್ತ ಇತಿಹಾಸದ ಮೇಷ್ಟರು. ಹಿಂದೆ ಚಿಲ್ಲರೆ ಕಾಸಿಗೆ ಬರ ಬಂದಾಗ ಈ ಸೀಮೆಯ ವರ್ತಕರು ತಮ್ಮದೇ ಹೆಸರಿನಲ್ಲಿ ಹೊಡೆಸಿ ಚಲಾಯಿಸಿದ ತಾಮ್ರದ ಬಿಲ್ಲೆಗಳೆಂದರೆ ಅವರಿಗೆ ಪ್ರಾಣ. ಕಳ್ಳ ಎರಕದವರ ಕೈಗೆ ಎಟುಕದಿರಲೆಂದು ವರ್ತಕರು ಬಿಲ್ಲೆಯ ಅಂಚಿನ ಸುತ್ತ ಅಕ್ಷರ ಕೊರೆಸುತ್ತಿದ್ದರು. ಆ ಅಕ್ಷರಗಳಲ್ಲಿ ಒಂದರ ಕೆಳಗೆ ಸಾಸಿವೆಗಿಂತ ಸಣ್ಣ ಚುಕ್ಕೆಯಿರುವುದನ್ನು ಮೊದಲು ಕಂಡವರು ತಾವೇ ಎಂದು ಅವರಿಗೆ ಹೆಮ್ಮೆ. ಅದರ ಮೇಲೊಂದು ಪುಸ್ತಕವನ್ನೂ ಬರೆದಿದ್ದರು. ಅವರ ಬೀರುವಿನಲ್ಲಿದ್ದ ಇನ್ನೂರು ಬಿಲ್ಲೆಗಳಿಗೂ ಚುಕ್ಕೆಯಿತ್ತು. ಚುಕ್ಕೆಯಿಲ್ಲದ್ದು ಖೋಟಾ. ಸಿಕ್ಕರೆ ಅಂಚಿನದೊಂದು ಫೋಟೋ ತೆಗೆದುಕೊಂಡು ಕರಗಿಸಿಬಿಡುವುದು. ಮೂವತ್ತು ವರ್ಷಗಳಿಂದ ಅವರ ನೇಮ ಅದು. ಅಂಗಡಿಯವನು ಪರೀಕ್ಷೆಗೆಂದು ಕೊಟ್ಟ ನಾಗಕ್ಕನ ಏಳರಲ್ಲಿ ಒಂದಕ್ಕೂ ಚುಕ್ಕೆಯಿರಲಿಲ್ಲ.

“ಈ ಹೊಲಸನ್ನ ಮಾಡೋನ್ಯಾರು ಅಂತ ಗೊತ್ತೇನಯ್ಯ?” ಎಂದು ಅಂಗಡಿಯವನನ್ನು ಕೇಳಿದರು.

“ಕಲ್ಯಾಣದುರ್ಗದಾಗೆ ಪೆದ್ದಣ್ಣ ಅಂತ ಇದಾನೆ ಸಾರ್. ಹಳೇ ಬಿಲ್ಲೆ ಮಾಡೋದೇ ಆ ಮನೆಯವರ ಕಸುಬು.”

ಮರುದಿನವೇ ಬಸ್ಸು ಹತ್ತಿದರು.

ಪೆದ್ದಣ್ಣನ ಹಿತ್ತಲಿಗೆ ಕಾಲಿಡುತ್ತಲೇ ಮೂಗು ಮುಚ್ಚಿಕೊಳ್ಳಬೇಕಾಯಿತು. ಗಡಿಗೆಯ ತುಂಬ ಕೊಳೆತ ಗಂಜಲ. ಅದರಲ್ಲಿ ಹಸಿರು ಕಿಲುಬು ಹಿಡಿಯಲೆಂದು ನೆನೆಹಾಕಿದ ಹೊಸ ತಾಮ್ರ. ಮೇಲೆ ನೊಣಗಳ ಪದರ. ಎಪ್ಪತ್ತು ದಾಟಿದ ಮುದುಕ ಅದೇ ಗಡಿಗೆಯಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡು, ಒಂದು ಲೋಟ ನೀರು ತಂದು ಮುಂದೆ ಹಿಡಿದ. ರೇಣುಕಾಪ್ರಸಾದ್ ಹಿಂದೆ ಸರಿದರು. ಲೋಟ ಮುಟ್ಟಲಿಲ್ಲ.

“ಕೂಲಿಯೋರಿಗೆ ಮೋಸ ಆಗ್ಬಾರ್ದು ಅಂತ ಆ ಕಾಲದೋರು ಅಂಚಿಗೆ ಅಕ್ಷರ ಕೊರೆಸಿದ್ರು. ನೀವು ಅದನ್ನೂ ಬಿಡಲಿಲ್ಲ. ನಾಚಿಕೆ ಆಗಲ್ವೇನಯ್ಯ?”

“ನಮ್ಮಪ್ಪ ಕಲಿಸಿದ್ದು ಇದೊಂದೇ ಸಾರ್,” ಎಂದ ಪೆದ್ದಣ್ಣ, ತಲೆ ತಗ್ಗಿಸದೆ.

ರೇಣುಕಾಪ್ರಸಾದ್ ಫೋನ್ ತೆಗೆದು, ನಾಗಕ್ಕನ ಏಳು ಬಿಲ್ಲೆಗಳ ಅಂಚಿನ ಫೋಟೋ ತೋರಿಸಿದರು. “ಒಪ್ಪಿಕೊಂಡುಬಿಡು. ಇವು ನಿನ್ನವೇ ತಾನೆ?”

ಮುದುಕ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ. ಕಿಲುಬು ಹತ್ತಿದ ಬೆರಳಿನಿಂದ ಒಂದೊಂದೇ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಬಹಳ ಹೊತ್ತು ನೋಡಿದ.

“ಎಲ್ಲಿ ಸಿಕ್ಕಿದ್ವು ಸಾರ್? ಇವು ನಮ್ಮವಲ್ಲ. ನಮ್ಮಪ್ಪನ ಕಾಲದಿಂದ್ಲೂ ನಾವು ಮಾಡಿದ್ದಕ್ಕೆಲ್ಲಾ ಅಕ್ಷರದ ಕೆಳಗೆ ಒಂದು ಚುಕ್ಕೆ ಇಕ್ತೀವಿ, ನಮ್ಮ ಮಾಲನ್ನ ನಾವೇ ಅಸಲಿ ಅಂತ ಕೊಂಡ್ಬುಡಬಾರದಲ್ಲ.”