ಕಡಲಿನ ಹೆಪ್ಪು

ಆ ಬೆಳಿಗ್ಗೆ ಗಾಳಿ ಪೂರ್ತಿ ಬಿದ್ದುಹೋಗಿ, ಕಡಲು ತಳದ ಮರಳು ಕಾಣುವಷ್ಟು ತಿಳಿಯಾಗಿತ್ತು. ನಮ್ಮ ಕೇರಿಗೆ ತಿಳಿನೀರೆಂದರೆ ಸೂತಕ, ಹಸಿರಿಲ್ಲದಲ್ಲಿ ಮೀನಿಲ್ಲ. ಗಾಳಿಯ ಸಾರ ಹೀರಿ ನೀರಿಗೆ ಉಣಿಸುತ್ತಿದ್ದ, ಕಣ್ಣಿಗೆ ಕಾಣದ ಹಸಿರು ಜೀವಿಗಳು ಕಡಲಲ್ಲಿ ಸತ್ತ ಮೇಲೆ, ಅವನ್ನು ಹೆಪ್ಪಿನಂತೆ ಕುಡಿಕೆಯಲ್ಲಿ ಸಾಕಿ, ದಿನವೂ ದೀಪ ಹಚ್ಚಿ ಒಂದು ಸೌಟು ಕಡಲ ಗಂಗೆಗೆ ಎರೆಯುತ್ತೇವೆ.

ದುಗ್ಗಮ್ಮನ ಹೆಪ್ಪು ಸೆಕೆಗೆ ಸತ್ತಿತ್ತು. ಅವಳು ನೆರೆಮನೆಯ ಬಾಗಿಯ ಅಂಗಳಕ್ಕೆ ಬಂದಳು. ಬಾಗಿ ಮದುವೆಯಾಗಿ ಬಂದ ವರ್ಷ ಅವಳಿಗೆ ಹೆಪ್ಪು ಕೊಟ್ಟವಳು ದುಗ್ಗಮ್ಮನೇ.

“ಒಂದು ಸೌಟು ಕೊಡು ಮಾರಾಯ್ತಿ. ಹಳೇದು ಉಳಿದದ್ದು ನಿನ್ನಲ್ಲಿ ಮಾತ್ರ.”

“ಕಂಪನಿಯವರ ಹೊಸ ಹೆಪ್ಪು ತಕ್ಕೊಳ್ಳಿ ಅಕ್ಕ. ದುಪ್ಪಟ್ಟು ಮೀನು ಸಿಗ್ತದೆ.”

“ಅದಕ್ಕೆ ಸಂತಾನ ಉಂಟಾ? ಒಮ್ಮೆ ಎರೆದರೆ ಮುಗೀತು, ಮತ್ತೆ ಅವರ ಕಾಲೇ ಹಿಡೀಬೇಕು. ನಂದು ನನಗೆ ಕೊಡು.”

ಬಾಗಿ ತಲೆ ತಗ್ಗಿಸಿದಳು. “ಹಳೇದು ಚೆಲ್ಲಿದರೆ ಮಾತ್ರ ಹೊಸದು ಕೊಡ್ತೇವೆ ಅಂದ್ರು ಕಂಪನಿಯವರು, ಅಕ್ಕ.”

ಒಳಗೆ ಹೋಗಿ, ಅಂದು ದುಗ್ಗಮ್ಮ ಕೊಟ್ಟಿದ್ದ ಕುಡಿಕೆಯನ್ನು ತಂದಳು. ಹಸಿರಿನ ಒಂದು ಗೆರೆಯೂ ಉಳಿಯದಂತೆ ಬೂದಿ ಹಾಕಿ ತಿಕ್ಕಿದ್ದಳು. ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂದು ಒಳಗೊಂದು ಚೂರು ಬೆಲ್ಲವಿಟ್ಟು, ದುಗ್ಗಮ್ಮನ ಕೈಗಿತ್ತಳು.